ನಲವತ್ತೊಂದನೆಯ ಪುಟ

ಆ ಪುಸ್ತಕ ಬರೆದವಳು ನಾನು. ಆ ಪುಸ್ತಕದ ಮೇಲೆ ನಡೆದ ಪರೀಕ್ಷೆಯಲ್ಲಿ ಫೇಲಾದವಳೂ ನಾನೇ.

ಫಲಿತಾಂಶವನ್ನು ಆಂಬುಲೆನ್ಸ್ ಗ್ಯಾರೇಜಿನ ಗೋಡೆಗೆ ಅಂಟಿಸಿದ್ದರು. ಪಾಸಾದವರು ಮೇಲೆ, ಫೇಲಾದವರು ಕೆಳಗೆ. ಮೇಲಿನ ಪಟ್ಟಿಯಲ್ಲಿ ನಗರಸಭೆ ಮೂರು ತಿಂಗಳ ಹಿಂದೆ ಸೇರಿಸಿಕೊಂಡ ಬಿಳಿಯರೆಲ್ಲ ಇದ್ದರು. ಅವರಲ್ಲಿ ಒಬ್ಬನೂ ಸಾಯುತ್ತಿರುವ ಮನುಷ್ಯನ ಬಾಯಿಗೆ ಕೈ ಹಾಕಿದವನಲ್ಲ. ಕೆಳಗಿನ ಪಟ್ಟಿಯಲ್ಲಿ ನಾವು, ಗುಡ್ಡದ ಕರಿಯರು. ಎಂಟು ವರ್ಷ ಈ ಗುಡ್ಡದ ಮೆಟ್ಟಿಲು ಹತ್ತಿ ಇಳಿದು ಮಂಡಿಚಿಪ್ಪು ಸವೆಸಿಕೊಂಡವರು. ಇಪ್ಪತ್ತೆರಡು ಜನರಲ್ಲಿ ಹದಿನೇಳು. ಅದರಲ್ಲಿ ಒಂದು ಹೆಸರು ಲುವೀನಿಯಾ ಟಿಬ್ಸ್. ನನ್ನದು.

ನಾವು ಬರುವ ಮೊದಲು ನಮ್ಮ ಗುಡ್ಡಕ್ಕೆ ಪೊಲೀಸ್ ವ್ಯಾನೇ ಆಂಬುಲೆನ್ಸು. ಫೋನು ಮಾಡಿದರೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಇಬ್ಬರು ಪೊಲೀಸರು ರೋಗಿಯ ಕೈಕಾಲು ಹಿಡಿದೆತ್ತಿ ಹಿಂದಕ್ಕೆ ಎಸೆಯುತ್ತಿದ್ದರು. ಬಾಗಿಲು ಹಾಕಿ, ಇಬ್ಬರೂ ಮುಂದೆ ಕೂತು ಸಿಗರೇಟು ಹಚ್ಚುತ್ತಿದ್ದರು. ನನ್ನ ಅಮ್ಮ ಹಾಗೆಯೇ ಹೋದಳು. ಹಿಂದೆ ಒಬ್ಬಳೇ, ಕಬ್ಬಿಣದ ನೆಲದ ಮೇಲೆ ಉರುಳಾಡುತ್ತ. ಆಸ್ಪತ್ರೆಯಲ್ಲಿ ಬಾಗಿಲು ತೆಗೆದಾಗ ಅವಳ ಹಣೆ ಒಡೆದಿತ್ತು. ಅವಳಿಗೆ ಇದ್ದ ಕಾಯಿಲೆ ಉಬ್ಬಸ.

ಆಮೇಲೆ ನಮ್ಮ ಚರ್ಚಿನ ಪಾದ್ರಿ ಒಬ್ಬ ಮುದಿ ಡಾಕ್ಟರನ್ನು ಹಿಡಿದು ತಂದ. ಬಿಳಿಯ, ಆದರೆ ತನ್ನವರ ಜೊತೆ ಜಗಳವಾಡಿಕೊಂಡ ಬಿಳಿಯ. ಬೀದಿಯಲ್ಲೇ ಉಸಿರು ಉಳಿಸುವ ಕೆಲಸವನ್ನು ಯಾರು ಬೇಕಾದರೂ ಕಲಿಯಬಹುದು ಎಂದು ಅವನು ಹೇಳುತ್ತಿದ್ದ. ಬಿಳಿಯರ ಆಸ್ಪತ್ರೆಗಳು ನಕ್ಕವು. ಅವನು ಯಾರೂ ಕೆಲಸ ಕೊಡದವರನ್ನು ಕರೆದ. ಉಕ್ಕಿನ ಕಾರ್ಖಾನೆ ಹೊರಗೆ ಹಾಕಿದವರು, ಜೈಲಿನಿಂದ ಬಂದವರು, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ರಕ್ತದ ಹಾಸಿಗೆಬಟ್ಟೆ ತಿಕ್ಕುತ್ತಿದ್ದ ನಾನು. ಒಂಬತ್ತು ತಿಂಗಳು ಕಲಿತೆವು. ಹೆಣಗಳ ಮೇಲೆ ಕಲಿತೆವು, ಆಪರೇಷನ್ ಕೋಣೆಯಲ್ಲಿ ನಿಂತು ಕಲಿತೆವು. ಈ ಊರಲ್ಲಿ ನಮಗಿಂತ ಮೊದಲು ಯಾರೂ ಬೀದಿಯಲ್ಲಿ ಮಂಡಿಯೂರಿ ಮನುಷ್ಯನ ಗಂಟಲಿಗೆ ಉಸಿರಿನ ಕೊಳವೆ ಇಳಿಸಿರಲಿಲ್ಲ. ಡಾಕ್ಟರುಗಳೂ ಇಳಿಸಿರಲಿಲ್ಲ.

ನಮಗೆ ಸಿಕ್ಕ ಮರ್ಯಾದೆಯನ್ನೂ ಹೇಳಬೇಕು. ಮೊದಲ ವರ್ಷ ಒಬ್ಬ ಮುದುಕನನ್ನು ಮೂರು ಮಹಡಿಯಿಂದ ಹೊತ್ತಿಳಿಸಿ ಆಸ್ಪತ್ರೆ ಮುಟ್ಟಿಸಿದೆ. ದಾರಿಯುದ್ದಕ್ಕೂ ಅವನ ಉಸಿರನ್ನು ನನ್ನ ಕೈಯಿಂದ ಗಾಳಿಚೀಲ ಒತ್ತಿ ಒತ್ತಿ ನಡೆಸಿದ್ದೆ. ಅವನು ಬಾಗಿಲಲ್ಲಿ ವಾಂತಿ ಮಾಡಿಕೊಂಡ. ನರ್ಸಮ್ಮ ಬಂದು ಮುದುಕನನ್ನು ಒಳಗೆ ತಳ್ಳಿಕೊಂಡು ಹೋದಳು. ಹೋಗುತ್ತ ನನ್ನ ಕೈಗೆ ನೆಲ ಒರೆಸುವ ಕೋಲು ಕೊಟ್ಟಳು. ನಾನು ಒರೆಸಿದೆ. ಈಗಲೂ ಆ ನೆನಪಿಗೆ ನನ್ನ ಮೇಲೆ ನನಗೇ ಉಗಿಯಬೇಕೆನಿಸುತ್ತದೆ.

ಪುಸ್ತಕ ಹುಟ್ಟಿದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಪಾದ್ರಿಯ ಹಳೇ ಟೈಪ್‌ರೈಟರಿನ ಮೇಲೆ. ಡಾಕ್ಟರು ಹೇಳುತ್ತಿದ್ದದ್ದು ಡಾಕ್ಟರ ಭಾಷೆ. ಅದನ್ನು ಮನುಷ್ಯರ ಭಾಷೆಗೆ ತಂದವಳು ನಾನು. ತೊಂಬತ್ತಮೂರು ಪುಟ. ಈ ವರ್ಷ, ಎಪ್ಪತ್ತೈದರಲ್ಲಿ, ನಗರಸಭೆ ನಮ್ಮ ಆಂಬುಲೆನ್ಸುಗಳನ್ನು ಎತ್ತಿಕೊಂಡಾಗ ಪುಸ್ತಕವನ್ನೂ ಎತ್ತಿಕೊಂಡಿತು. ಕೆಂಪು ರಟ್ಟು ಹಾಕಿ ಆರೋಗ್ಯ ಇಲಾಖೆಯ ಹೆಸರು ಒತ್ತಿದರು. ನಮ್ಮ ಹೆಸರು ಕೊನೆಯ ಪುಟದಲ್ಲೂ ಇಲ್ಲ. ಒಳಗಿನ ಅಕ್ಷರ ಮಾತ್ರ ಒಂದೂ ಬದಲಾಗಲಿಲ್ಲ. ಬದಲಾಗಬೇಕಿದ್ದದ್ದೂ ಬದಲಾಗಲಿಲ್ಲ.

ನಲವತ್ತೊಂದನೆಯ ಪುಟದಲ್ಲಿ ಹೀಗಿದೆ: 'ಕೊಳವೆ ಇಳಿಸಿದ ಮೇಲೆ ಎದೆಯ ಎರಡೂ ಬದಿ ಆಲಿಸಿ. ಗಾಳಿಯ ಸದ್ದು ಕೇಳಿದರೆ ಕೊಳವೆಯನ್ನು ಪಟ್ಟಿ ಹಾಕಿ ಬಿಗಿಯಿರಿ.'

ಅದು ತಪ್ಪು. ಅದು ತಪ್ಪೆಂದು ನನಗೆ ಕಲಿಸಿದವನು ಹೋರೇಸ್ ಪೆಟಿವೇ, ಸತ್ತು ಕಲಿಸಿದ.

ಎರಡನೆಯ ವರ್ಷದ ಆಗಸ್ಟ್ ತಿಂಗಳು. ಮಧ್ಯಾಹ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದ ಹೋರೇಸ್ ಹಾಗೆಯೇ ಕುಸಿದ. ಅರ್ಧ ಮುಖಕ್ಕೆ ಸೋಪಿನ ನೊರೆ. ನಾನು ನೆಲದ ಕೂದಲಿನ ಮೇಲೆ ಮಂಡಿಯೂರಿ ಕೊಳವೆ ಇಳಿಸಿದೆ. ನನ್ನದೇ ಪುಸ್ತಕದಲ್ಲಿ ಇದ್ದಂತೆ ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಸದ್ದು ಕೇಳಿತು. ಎಡಕ್ಕೂ ಕೇಳಿತು, ಬಲಕ್ಕೂ ಕೇಳಿತು. ಪಟ್ಟಿ ಬಿಗಿದೆ. ಆಸ್ಪತ್ರೆಯವರೆಗೆ ಗಾಳಿ ಒತ್ತುತ್ತಲೇ ಹೋದೆ. ಅವನ ಹೊಟ್ಟೆ ಉಬ್ಬುತ್ತಲೇ ಹೋಯಿತು. ಉಗುರು ನೀಲಿಯಾಯಿತು. ಅಲ್ಲಿ ಮುದಿ ಡಾಕ್ಟರು ನೋಡಿದ. ಕೊಳವೆ ಶ್ವಾಸನಾಳಕ್ಕಲ್ಲ, ಅನ್ನನಾಳಕ್ಕೆ ಇಳಿದಿತ್ತು. ಹೊಟ್ಟೆಗೆ ಹೋದ ಗಾಳಿ ಎದೆಯಲ್ಲೂ ಸದ್ದು ಮಾಡಿ ನನಗೆ ಮೋಸ ಮಾಡಿತ್ತು. ಸರಿಯಾಗಿ ಇಳಿಸಿದ್ದರೆ ಅವನು ಬದುಕುತ್ತಿದ್ದನೋ ಇಲ್ಲವೋ, ಗೊತ್ತಿಲ್ಲ. ನಾನು ಅವನಿಗೆ ಉಸಿರು ಕೊಡಲಿಲ್ಲ ಎನ್ನುವುದು ಗೊತ್ತು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಮೊದಲು ಹೊಟ್ಟೆ. ಹೊಟ್ಟೆಗೆ ಕಿವಿ ಇಡು. ಗುಳುಗುಳು ಎಂದರೆ ಕೊಳವೆ ಕಿತ್ತು ಮತ್ತೆ ಇಳಿಸು. ಹೊಟ್ಟೆ ಸುಮ್ಮನಿದ್ದರೆ ಮಾತ್ರ ಎದೆಗೆ ಹೋಗು. ಹೊಸಬರು ಸೇರಿದ ದಿನ ನಮ್ಮವರೊಬ್ಬರು ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗುತ್ತಿದ್ದರು, ಹೊಸಬರು ಮಂಡಿಯೂರಿ ಹೊಟ್ಟೆಯಿಂದ ಶುರು ಮಾಡಬೇಕಿತ್ತು. ಎದೆಗೆ ಕೈ ಹಾಕಿದವನ ತಲೆಗೆ ಒಂದು ಬಿಡುತ್ತಿದ್ದೆವು. ಕೈಯಿಂದ ಕೈಗೆ ಕಲಿಸಿದೆವು. ಕಾಗದದ ಮೇಲೆ ಮಾತ್ರ ಒಂದು ಅಕ್ಷರವನ್ನೂ ಹಾಕಲಿಲ್ಲ.

ಡಾಕ್ಟರು ಬರೆಯೋಣ ಎಂದ. ಬೇಡ ಎಂದವಳು ನಾನು. "ನೀವು ಬರೆದ್ರೆ ಅದು ವೈದ್ಯಶಾಸ್ತ್ರ ಡಾಕ್ಟ್ರೇ. ನಾವು ಬರೆದ್ರೆ ಅದು ಕೊಲೆ" ಎಂದೆ. ನಮ್ಮನ್ನು ಮುಚ್ಚಿಸಲು ನಗರಸಭೆ ಒಂದು ನೆಪಕ್ಕೆ ಕಾಯುತ್ತಿತ್ತು. ಅವನು ಒಪ್ಪಿದ. ಹೋರೇಸನ ಮರಣಪತ್ರದಲ್ಲಿ ಹೃದಯಾಘಾತ ಎಂದು ಬರೆದ. ಮೂರು ವರ್ಷದ ಹಿಂದೆ ಆ ಡಾಕ್ಟರೂ ಸತ್ತ.

ಹೋರೇಸನ ಹೆಂಡತಿ ಓಜೆಲ್ಲಾ ನಮ್ಮ ಬೀದಿಯವಳೇ. ಚರ್ಚಿನಲ್ಲಿ ನನ್ನ ಮುಂದಿನ ಬೆಂಚು. ಗಂಡನನ್ನು ಉಳಿಸಲು ನಾನು ಅಷ್ಟು ಕಷ್ಟಪಟ್ಟೆ ಎಂದು ಅವನ ಹುಟ್ಟುಹಬ್ಬದ ದಿನ ಪ್ರತಿವರ್ಷ ಗೆಣಸಿನ ಸಿಹಿ ಪೈ ಮಾಡಿ ಕಳಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಪರೀಕ್ಷೆಯ ಹದಿನೇಳನೆಯ ಪ್ರಶ್ನೆ: ಕೊಳವೆ ಇಳಿಸಿದ ಮೇಲೆ ಮೊದಲು ಎಲ್ಲಿ ಆಲಿಸಬೇಕು? ತಪ್ಪಾದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲು ಎಂದು ನಿಯಮ. ಪುಸ್ತಕ ಬಾಯಿಪಾಠ ಮಾಡಿದವರು ಎದೆ ಎಂದು ಬರೆದರು. ನಾವು ಹದಿನೇಳು ಜನ ಹೊಟ್ಟೆ ಎಂದು ಬರೆದೆವು. ಉಳಿದ ಐವರು ನಮ್ಮವರೇ, ಜಾಣರು. ನಗರಸಭೆಯವರು ಯಾವ ಉತ್ತರ ಕೇಳುತ್ತಾರೆ ಎಂದು ಮೂಸಿ ನೋಡಿ ಬರೆದರು.

ನಾನು ಡೋನೆಲನ್ ಹತ್ತಿರ ಹೋದೆ. ನಗರಸಭೆ ನಮ್ಮ ಮೇಲೆ ಕೂರಿಸಿದ ಅಧಿಕಾರಿ. ಮೊದಲು ಅಗ್ನಿಶಾಮಕ ದಳದಲ್ಲಿ ಇದ್ದವನು. ಕೂರು ಎನ್ನಲಿಲ್ಲ.

"ಲುವೀನಿಯಾ, ಪುಸ್ತಕದಲ್ಲಿ ಇರೋದನ್ನ ಬರೀಬೇಕು. ನಿನ್ನ ತಲೇಲಿ ಇರೋದನ್ನಲ್ಲ."

"ಪುಸ್ತಕದಲ್ಲಿರೋದು ತಪ್ಪು ಸಾರ್."

"ಆರೋಗ್ಯ ಇಲಾಖೆ ಪುಸ್ತಕ ಅದು."

"ಬರ್ದೋಳು ನಾನು."

ಅವನು ನಕ್ಕ. "ಟೈಪ್ ಮಾಡಿದ್ದು ನೀನು ಅಂತ ಕೇಳಿದೀನಿ. ಬೆರಳು ಚೆನ್ನಾಗಿ ಓಡುತ್ತಂತಲ್ಲ."

"ಆ ಪುಟ ನಂಬ್ಕೊಂಡ್ರೆ ಜನ ಸಾಯ್ತಾರೆ ಸಾರ್. ನಿಮ್ಮ ಹುಡುಗ್ರಿಗೆ ಬೇರೆ ಏನೂ ಗೊತ್ತಿಲ್ಲ. ಅವರು ನಾಳೆ ನಮ್ಮ ಗುಡ್ಡಕ್ಕೇ ಬರೋದು."

"ಸತ್ತಿದ್ದಾರಾ ಯಾರಾದ್ರೂ? ಒಂದು ಕೇಸು ತೋರಿಸು. ಹೆಸರು, ತಾರೀಖು, ಸಹಿ. ಎಂಟು ವರ್ಷದಲ್ಲಿ ಒಂದಾದರೂ ಬರೆದಿಟ್ಟಿದೀರಾ?"

ಬರೆದಿಡಬೇಡಿ ಎಂದವಳೇ ನಾನು. ಅವನು ನನ್ನ ಮುಖ ನೋಡಿ ಸಮಾಧಾನಪಟ್ಟ.

"ಸೋಮವಾರ ಮರುಪರೀಕ್ಷೆ ಇದೆ. ಬೊಂಬೆ ಮೇಲೆ ಮಾಡಿ ತೋರಿಸೋದು. ಎದೆಗೆ ಇಡು, ಪಾಸಾಗು. ನಿನ್ನ ಅನುಭವಕ್ಕೆ ಹಿರಿಯ ಹುದ್ದೆ ಕೊಡ್ತೀವಿ. ಇಲ್ಲಾಂದ್ರೆ ಮನೆಗೆ ಹೋಗು. ನನಗೆ ಎರಡೂ ಒಂದೇ."

ಹೊರಗೆ ಕ್ಲಿಯೋಫಸ್ ಆಂಬುಲೆನ್ಸಿನ ನೆಲಕ್ಕೆ ನೀರು ಹೊಡೆಯುತ್ತಿದ್ದ. ನನ್ನ ಜೊತೆಗಾರ, ನನಗಿಂತ ಹತ್ತು ವರ್ಷ ದೊಡ್ಡವನು. ಎಂಟು ವರ್ಷ ಸ್ಟ್ರೆಚರಿನ ತಲೆಯ ಕಡೆ ಅವನು, ಕಾಲಿನ ಕಡೆ ನಾನು. ಅವನೂ ಫೇಲು.

"ಎದೆ ಅಂತ ಅಂದ್ಬಿಡೆ ವೀನಿ," ಎಂದ. "ಬೊಂಬೆ ಏನು ಸಾಯಲ್ಲ. ಬೀದೀಲಿ ಹೊಟ್ಟೆ, ಅವರ ಮುಂದೆ ಎದೆ. ನಮ್ಮಪ್ಪ ನಮ್ಮಜ್ಜ ಎಲ್ಲ ಹಂಗೇ ತಾನೆ ಬದುಕಿದ್ದು? ಅವರಿಗೊಂದು ಮಾತು, ನಮಗೊಂದು ಮಾತು."

"ಆ ಹೊಸಬರಿಗೆ ಎರಡನೇ ಮಾತು ಯಾರು ಹೇಳ್ತಾರಣ್ಣ?"

"ನಾವು ಒಳಗಿದ್ರೆ ತಾನೆ ಹೇಳೋದು?"

"ನಾನೇ ಹೇಳಿದ್ನಲ್ಲ ಹೋದ ವಾರ, ಆ ಕೆಂಪು ಕೂದಲಿನೋನಿಗೆ. ಪುಸ್ತಕ ತೋರಿಸ್ದ. 'ಇದ್ರಲ್ಲಿ ಹಂಗಿಲ್ವಲ್ಲಮ್ಮ' ಅಂದ."

ಕ್ಲಿಯೋಫಸ್ ನೀರು ನಿಲ್ಲಿಸಿದ. ನನ್ನ ಮುಖ ನೋಡಿದ. ನಾನು ಏನು ಮಾಡಲು ಹೊರಟಿದ್ದೇನೆ ಎಂದು ಅವನಿಗೆ ತಿಳಿಯಿತು.

"ಹೋರೇಸನ ಹೆಸರು ಎತ್ತಬ್ಯಾಡ," ಎಂದ. "ಎತ್ತಿದ್ರೆ ನೀನೊಬ್ಬಳೇ ಮುಳುಗಲ್ಲ. ನಮ್ಮನ್ನೆಲ್ಲ ಮುಳುಗಿಸ್ತೀಯ. ಅವರು ಕಾಯ್ತಿರೋದೇ ಅದಕ್ಕೆ ಕಣೆ. ಬೆಂಕಿ ಪೊಟ್ಣ ನೀನೇ ಕೊಟ್ಟು, ಮನೆ ಸುಟ್ರು ಅಂತ ಅಳಬ್ಯಾಡ."

ಅವನು ಹೇಳಿದ್ದು ನಿಜ. ಆದರೆ ಆ ಕೆಂಪು ಕೂದಲಿನವನು ಪುಸ್ತಕ ಹಿಡಿದು ನಮ್ಮ ಮೆಟ್ಟಿಲು ಹತ್ತುವುದು ಕಣ್ಣಿಗೆ ಕಟ್ಟುತ್ತಿತ್ತು. ಯಾರದೋ ಅಮ್ಮನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸದ್ದು ಕೇಳಿ, ಸಂತೋಷದಿಂದ ಪಟ್ಟಿ ಬಿಗಿಯುತ್ತಾನೆ. ಅದನ್ನು ಬರೆದ ಕೈ ನನ್ನದು. ಮುಚ್ಚಿಟ್ಟ ಬಾಯಿಯೂ ನನ್ನದು.

ಶನಿವಾರ ಮಧ್ಯಾಹ್ನ ಓಜೆಲ್ಲಾ ಮನೆಗೆ ಹೋದೆ. ಬೇರೆಯವರ ಬಾಯಿಂದ ಅವಳು ಕೇಳಬಾರದು. ಅವಳು ಅಡುಗೆಮನೆಯಲ್ಲಿ ಕೂತು ಚಾಕು ಹಿಡಿದು ಸೊಪ್ಪು ಸೋಸುತ್ತಿದ್ದಳು. ಸ್ವಲ್ಪ ಸೊಪ್ಪು ನನ್ನ ಕಡೆಗೂ ತಳ್ಳಿದಳು. ನಾನು ಮುಟ್ಟಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಮೊದಲಿಂದ ಕೊನೆಯವರೆಗೆ, ಏನೂ ಬಿಡದೆ.

ಅವಳ ಕೈ ನಿಂತಿತು.

"ಅವನ ಉಗುರು ನೀಲಿ ಇತ್ತು," ಎಂದಳು. "ಯಾಕೆ ಅಂತ ಕೇಳ್ದೆ ನಾನು. ಹಾರ್ಟ್ ಅಟ್ಯಾಕ್ ಆದೋರಿಗೆ ಹಂಗಾಗ್ತೈತೆ ಅಂದೆ ನೀನು."

"ಅಂದೆ ಅಕ್ಕ."

"ನನ್ ಕಣ್ಣು ನೋಡ್ಕೊಂಡು ಅಂದೆ."

"ಹೌದು."

"ಪ್ರತಿ ವರ್ಷ ನನ್ ಕೈಯಡುಗೆ ತಿಂದೆ. ರುಚಿಯಾಗಿತ್ತು ಅಂತ ಬ್ಯಾರೆ ಹೇಳಿ ಕಳಿಸ್ದೆ."

ನನ್ನ ಕಡೆಗೆ ತಳ್ಳಿದ್ದ ಸೊಪ್ಪನ್ನು ಅವಳು ವಾಪಸ್ ಎಳೆದುಕೊಂಡಳು.

"ಹೋಗು," ಎಂದಳು. "ನನ್ ಕೈಲಿ ಚಾಕು ಐತೆ. ಹೋಗು."

ಸೋಮವಾರ ಮೂವರು ಕೂತಿದ್ದರು. ಡೋನೆಲನ್, ಇಲಾಖೆಯ ಒಬ್ಬ ಡಾಕ್ಟರು, ಒಬ್ಬ ವಕೀಲ. ಪಕ್ಕದಲ್ಲಿ ಬರೆದುಕೊಳ್ಳುವ ಹೆಂಗಸು. ಬೊಂಬೆಯನ್ನು ಮೇಜಿನ ಮೇಲೆ ಮಲಗಿಸಿದ್ದರು. ನಾನು ಅದನ್ನು ಎತ್ತಿ ನೆಲಕ್ಕೆ ಹಾಕಿದೆ.

"ಮೇಜಿನ ಮೇಲೇ ಮಾಡಬಹುದು," ಎಂದ ಡಾಕ್ಟರು.

"ನಮ್ಮ ಜನ ಮೇಜಿನ ಮೇಲೆ ಬೀಳಲ್ಲ ಸ್ವಾಮಿ," ಎಂದೆ.

ಮಂಡಿಯೂರಿದೆ. ಕೊಳವೆ ಇಳಿಸಿದೆ. ಆ ಡಾಕ್ಟರು ತನ್ನ ಜನ್ಮದಲ್ಲಿ ಅಷ್ಟು ಬೇಗ ಇಳಿಸಿರಲಾರ. ಅವನ ಮುಖವೇ ಅದನ್ನು ಹೇಳಿತು. ಸ್ಟೆತಾಸ್ಕೋಪನ್ನು ಕೈಯಲ್ಲಿ ಹಿಡಿದೆ. ಆಗ ಕೋಣೆಯಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ಗೇಣು ಮೇಲಕ್ಕೆ ಇಟ್ಟರೆ ಕೆಲಸ, ಹುದ್ದೆ, ಮರ್ಯಾದೆ. ಹೊಟ್ಟೆಯ ಮೇಲೆ ಇಟ್ಟೆ.

"ಎದೆ, ಲುವೀನಿಯಾ," ಎಂದ ಡೋನೆಲನ್.

"ಹೊಟ್ಟೆ," ಎಂದೆ. "ನನ್ನ ಹೆಸರು ಮಿಸೆಸ್ ಟಿಬ್ಸ್. ಕೇಸು ಕೇಳಿದ್ರಲ್ಲ, ತಂದಿದೀನಿ. ಬರ್ಕೊಳಮ್ಮ ನೀನು. ಹೋರೇಸ್ ಪೆಟಿವೇ, ಐವತ್ತೊಂದು ವರ್ಷ. ಅರವತ್ತೊಂಬತ್ತನೇ ಇಸವಿ, ಆಗಸ್ಟ್ ಹದಿನಾಲ್ಕು. ನಲವತ್ತೊಂದನೇ ಪುಟದಲ್ಲಿ ಇದ್ದ ಹಾಗೆ ಅವನ ಎದೆ ಕೇಳಿದೆ. ಸದ್ದಿತ್ತು. ಕೊಳವೆ ಹೊಟ್ಟೇಲಿತ್ತು. ಅವನು ಸತ್ತ. ಆ ಪುಟ ಬರ್ದಿದ್ದು ನಾನು, ಆ ಕೊಳವೆ ಇಳಿಸಿದ್ದು ನಾನು. ಆಮೇಲೆ ಆರು ವರ್ಷ ಹೊಟ್ಟೆ ಮೊದಲು ಕೇಳಿದೀವಿ. ಆರು ವರ್ಷದಲ್ಲಿ ಆ ತರ ಒಬ್ಬರೂ ಸತ್ತಿಲ್ಲ. ನನ್ನ ಕೆಲ್ಸ ಕಿತ್ಕೊಳಿ. ಪುಟ ಬದಲಾಯಿಸಿ."

ವಕೀಲ ಮುಂದಕ್ಕೆ ಬಾಗಿದ. ಅವನ ಕಣ್ಣು ಅರಳಿದ್ದನ್ನು ನಾನು ಮರೆಯುವುದಿಲ್ಲ. "ಅವನು ಸತ್ತದ್ದು ನಿನ್ನ ಕೈಯಿಂದ. ಅಷ್ಟನ್ನು ಒಪ್ಪಿಕೊಳ್ತೀಯಾ?"

"ನಿಮ್ಮ ಪುಸ್ತಕದಿಂದ, ನನ್ನ ಕೈಯಿಂದ."

"ನಿನ್ನ ಕೈಯಿಂದ," ಎಂದು ಬರೆಯುವವಳಿಗೆ ಹೇಳಿದ. ಅವಳು ಅಷ್ಟೇ ಬರೆದಳು.

"ಮತ್ತೆ ಪುಟ?"

"ಅದು ಸಮಿತಿ ನೋಡುವ ವಿಷಯ," ಎಂದ ಡಾಕ್ಟರು. ಅವನು ನನ್ನ ಮುಖ ನೋಡಲಿಲ್ಲ. ನಾನು ಹೇಳಿದ್ದು ಸರಿಯೆಂದು ಅವನಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಪೆನ್ನಿನ ಮುಚ್ಚಳ ಹಾಕಿದ.

ಬುಧವಾರ ಪತ್ರಿಕೆಯಲ್ಲಿ ಬಂತು. 'ಗುಡ್ಡದ ಆಂಬುಲೆನ್ಸ್ ಸಿಬ್ಬಂದಿಯಿಂದ ರೋಗಿಯ ಸಾವು: ಆರು ವರ್ಷ ಮುಚ್ಚಿಟ್ಟ ರಹಸ್ಯ.' ಪುಟದ ಸುದ್ದಿ ಒಂದು ಸಾಲೂ ಇಲ್ಲ. ಹದಿನೇಳು ಜನರನ್ನೂ ತೆಗೆದುಹಾಕಿದರು. ಮರುಪರೀಕ್ಷೆಯಲ್ಲಿ ಎದೆ ಎಂದು ತೋರಿಸಿ ಪಾಸಾಗಿದ್ದ ಕ್ಲಿಯೋಫಸನನ್ನೂ ಬಿಡಲಿಲ್ಲ, ನನ್ನ ಜೊತೆಗಾರ ಎಂಬ ತಪ್ಪಿಗೆ. ಅವನು ನನ್ನ ಬಾಗಿಲ ಮುಂದೆ ಹಾದು ಹೋದ. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂಗಡಿಯಲ್ಲಿ ನಮ್ಮ ಜನವೇ ನನ್ನನ್ನು ಕಂಡು ಮಾತು ನಿಲ್ಲಿಸಿದರು. ನಾನು ಹೊತ್ತಿಳಿಸಿದ ಮುದುಕಿಯೊಬ್ಬಳು ಮುಖ ತಿರುಗಿಸಿದಳು. ಬಿಳಿಯರು ತಪ್ಪು ಮಾಡಿದರೆ ಪಾಠ ಎನ್ನುತ್ತಾರೆ, ಪುಸ್ತಕಕ್ಕೆ ಸೇರಿಸುತ್ತಾರೆ. ನಮ್ಮ ತಪ್ಪನ್ನು ಸಾಕ್ಷಿ ಎನ್ನುತ್ತಾರೆ, ನಮ್ಮ ಕೊರಳಿಗೆ ಕಟ್ಟುತ್ತಾರೆ. ನಲವತ್ತೊಂದನೆಯ ಪುಟ ಹಾಗೆಯೇ ಇತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಓಜೆಲ್ಲಾ. ಚರ್ಚಿಗೆ ಹಾಕುವ ನೇರಳೆ ಬಣ್ಣದ ಉಡುಪು, ಟೋಪಿ, ಕೈಗೆ ಬಿಳಿ ಗವಸು. ಕಂಕುಳಲ್ಲಿ ಪತ್ರಿಕೆ.

"ಇದ್ರಲ್ಲಿ ನನ್ ಗಂಡನ ಹೆಸರೇ ಇಲ್ಲ," ಎಂದಳು. "'ಒಬ್ಬ ರೋಗಿ' ಅಂತ ಐತೆ."

"ನಾನು ಹೆಸರು ಹೇಳಿದ್ದೆ ಅಕ್ಕ."

"ಗೊತ್ತು. ಪುಟ ಬದಲಾಯ್ಸಿದ್ರಾ?"

"ಇಲ್ಲ."

"ಬದಲಾಯಿಸ್ತಾರಾ?"

"ಇಲ್ಲ."

ಅವಳು ಗವಸು ಸರಿಮಾಡಿಕೊಂಡಳು. "ನಿನ್ನ ಕ್ಷಮಿಸೋಕೆ ಬಂದಿಲ್ಲ ನಾನು. ಸಾಯೋತನಕ ಕ್ಷಮಿಸಲ್ಲ, ಅದನ್ನ ತಲೇಲಿ ಇಟ್ಕೋ. ಆ ಕಿವಿಗಿಡೋದು ಐತಾ ನಿನ್ಹತ್ರ, ಅದನ್ನೂ ಕಿತ್ಕೊಂಡ್ರಾ?"

"ಐತೆ. ನಂದೇ ಸ್ವಂತದ್ದು."

"ತಗೋ. ಶೂ ಹಾಕ್ಕೋ."

ತರಬೇತಿ ಶಾಲೆ ಗುಡ್ಡದ ಕೆಳಗೆ, ನಗರಸಭೆಯ ಹಿಂದೆ. ನಾವು ಹೋದಾಗ ಊಟದ ಬಿಡುವು. ಹೊಸಬರು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಪಕ್ಕದಲ್ಲಿ ಕೆಂಪು ರಟ್ಟಿನ ಪುಸ್ತಕ. ಓಜೆಲ್ಲಾ ಅವರ ಮುಂದೆ ನಿಂತಳು. ಟೋಪಿ ತೆಗೆದು ಕಾಲುದಾರಿಯ ಮೇಲೆ ಇಟ್ಟಳು. ಆಮೇಲೆ ಒಂದು ಮಂಡಿ, ಇನ್ನೊಂದು ಮಂಡಿ ಊರಿ, ಸಿಮೆಂಟಿನ ಮೇಲೆ ಅಂಗಾತ ಮಲಗಿದಳು. ಅರವತ್ತು ದಾಟಿದ ಹೆಂಗಸು. ಸಂಧಿವಾತದ ಕಾಲು. ಕೆಳಗೆ ಹೋಗಲು ಅವಳಿಗೆ ಎಷ್ಟು ನೋವಾಯಿತೆಂದು ನನಗೆ ಕಾಣುತ್ತಿತ್ತು. ಅವಳು ನನ್ನ ಕೈ ಹಿಡಿಯಲಿಲ್ಲ.

"ಬನ್ರಪ್ಪ," ಎಂದಳು. "ನಿಮ್ಮ ಪುಸ್ತಕದ ನಲವತ್ತೊಂದನೇ ಪುಟ ನನ್ ಗಂಡನ್ನ ತಿಂತು. ಬಂದು ಮಂಡಿ ಊರಿ. ನನ್ ಹೊಟ್ಟೆಗೆ ಕಿವಿ ಇಟ್ಟು ಕಲ್ತ್ಕೊಳಿ."

ಯಾರೂ ಏಳಲಿಲ್ಲ. ಇಬ್ಬರು ನಕ್ಕರು. ಕೆಂಪು ಕೂದಲಿನವನು ಬಾಯಲ್ಲಿದ್ದ ತುತ್ತು ಅಗಿಯುವುದನ್ನು ನಿಲ್ಲಿಸಿದ, ಆದರೆ ಕೂತಲ್ಲಿಂದ ಅಲುಗಲಿಲ್ಲ. ಒಬ್ಬ ಒಳಗೆ ಓಡಿದ. ಡೋನೆಲನ್ ಬಾಗಿಲಿಗೆ ಬಂದು ನೋಡಿ, ಫೋನಿಗೆ ಹೋದ. ಮೂಲೆಯ ಪೊಲೀಸರು ಇಬ್ಬರು ಬೀದಿ ದಾಟಿ ಬರತೊಡಗಿದರು.

ಓಜೆಲ್ಲಾ ಆಕಾಶ ನೋಡುತ್ತ ಮಲಗಿದ್ದಳು. "ಅವರು ಮಂಡಿ ಊರಲ್ಲ," ಎಂದಳು. "ನೀನ್ ಊರು."

ನಾನು ಊರಿದೆ. ಯಾರ ಬದುಕನ್ನು ನಾನು ಮುರಿದೆನೋ ಅವಳ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟೆ.

"ಮೊದ್ಲು ಹೊಟ್ಟೆ," ಎಂದೆ.

"ಕೇಳ್ಸಲಿಲ್ಲ."

"ಮೊದ್ಲು ಹೊಟ್ಟೆ!"

"ಯಾರು ಕಲ್ಸಿದ್ದು ಅಂತ ಹೇಳು."

"ಹೋರೇಸ್ ಪೆಟಿವೇ!" ಎಂದು ಕೂಗಿದೆ. ಪೊಲೀಸನ ಕೈ ನನ್ನ ಭುಜದ ಮೇಲೆ ಬಿತ್ತು. ನಾನು ಏಳಲಿಲ್ಲ. ಇನ್ನೊಬ್ಬ ಓಜೆಲ್ಲಾಳ ತೋಳಿಗೆ ಕೈ ಹಾಕಿದ. ಅವಳು ಮೈ ಭಾರ ಬಿಟ್ಟು ಇನ್ನಷ್ಟು ನೆಲಕ್ಕೆ ಒತ್ತಿಕೊಂಡಳು.

"ಮತ್ತೆ ಹೇಳು," ಎಂದಳು. "ಪೂರ್ತಿ ಹೆಸರು ಹೇಳು. ಹೋರೇಸ್ ಲಾಫಯೆಟ್ ಪೆಟಿವೇ. ಆ ಪುಸ್ತಕದಲ್ಲಿ ಇಲ್ದೇ ಇದ್ರೆ ಅವರ ಕಿವೀಲಿ ಇರ್ಲಿ."